ದ್ರೌಪತಿ ಉಂಡ ತಾಟು

ದ್ರೌಪತಿ ಆಟೋದಿಂದ ಇಳಿಯುವುದಕ್ಕೂ ಬೀದರದ ಗಾಡಿ ಹುಮನಾಬಾದ ಸ್ಟೇಷನ್ನಿಗೆ ಬರುವುದಕ್ಕೂ ಸರಿಹೋಯಿತು. ಮೋರಖಂಡಿಯಿಂದ ಮೊದಲ ಬಸ್ಸು ಹಿಡಿದು ಬಸವಕಲ್ಯಾಣಕ್ಕೆ, ಅಲ್ಲಿಂದ ಇನ್ನೊಂದು ಬಸ್ಸಿನಲ್ಲಿ ನಿಂತುಕೊಂಡೇ ಹುಮನಾಬಾದಕ್ಕೆ ಬಂದಿದ್ದರೂ ಮುದುಕಿಯ ಮುಖದಲ್ಲಿ ದಣಿವಿರಲಿಲ್ಲ. ಪೆಟ್ಟಿಗೆಯ ತಳದಿಂದ ತೆಗೆದ ಹಸಿರು ಸೀರೆ ಉಟ್ಟಿದ್ದಳು. ಕೈಯಲ್ಲಿ ನೈಲಾನ್ ಚೀಲ. ಸೊಸೆ ರತ್ನಮಾಲಾ ಚೀಲ ಇಸಿದುಕೊಂಡವಳೇ ಮೂಗಿಗೆ ಸೆರಗು ಹಿಡಿದಳು.

“ಅತ್ತಿ, ಒಣಮೀನ ತಂದೀರೇನು?”

“ಮೊಮ್ಮಗಳಿಗೆ ಸೇರ್ತದಂತ ತಂದೀನವ್ವಾ. ಮೂರು ಸುತ್ತು ಪ್ಲಾಸ್ಟಿಕ್ ಸುತ್ತೀನಿ, ನಿನಗ ಹ್ಯಾಂಗ ಗೊತ್ತಾತು?”

“ಮೆಲ್ಲಕ ಮಾತಾಡ್ರಿ. ಮನಿ ಮಾಲೀಕರು ಜೋಡಿ ಅದಾರ.”

“ಅವರೇನು ನನ್ನ ಚೀಲಾ ಮೂಸಾಕ ಬಂದಾರೋ, ಕೋಟೆ ನೋಡಾಕ ಬಂದಾರೋ?”

ರತ್ನಮಾಲಾಳಿಗೆ ನಗು ತಡೆಯಲಾಗಲಿಲ್ಲ. ಗಂಡ ಸಂಘರತ್ನ ಮಾತ್ರ ನಗಲಿಲ್ಲ. ತಾಯಿಯನ್ನು ಬಸ್ ನಿಲ್ದಾಣದಿಂದ ಕರೆತಂದವನು ಅವಳ ಮುಖ ಕೂಡ ಸರಿಯಾಗಿ ನೋಡದೆ, “ಹತ್ರಿ, ಹತ್ರಿ, ಗಾಡಿ ನಿಂದ್ರಂಗಿಲ್ಲ” ಎಂದು ಎಲ್ಲರನ್ನೂ ರೈಲಿನ ಡಬ್ಬಿಯೊಳಗೆ ನೂಕುತ್ತಿದ್ದ. ಮುಂದಿನ ಬಾಗಿಲಿನಿಂದ ಮನೆ ಮಾಲೀಕ ಅಮೋಘಸಿದ್ದಪ್ಪ, ಅವನ ಹೆಂಡತಿ ಬಾಳಮ್ಮ, ಮಗಳು ಐಶ್ವರ್ಯ ಹತ್ತಿದರು. ಬಾಳಮ್ಮ ತಿರುಗಿ ನೋಡಿ, “ಈ ಅಜ್ಜಿ ಯಾರ್ರಿ?” ಎಂದಳು. “ಊರಿಂದ ಬಂದಾರ್ರಿ” ಎಂದಷ್ಟೇ ಹೇಳಿ ಸಂಘರತ್ನ ಸೀಟು ಹಿಡಿಯಲು ಓಡಿದ. ಆ ಗದ್ದಲದಲ್ಲಿ ಯಾರೂ ಮುಂದೆ ಕೇಳಲಿಲ್ಲ.

ಐಶ್ವರ್ಯ, ರತ್ನಮಾಲಾಳ ಮಗಳು ಶೀತಲ ಇಬ್ಬರೂ ಹತ್ತನೇ ಇಯತ್ತೆ, ಒಂದೇ ಬೆಂಚು. ಪರೀಕ್ಷೆಯ ಓದು ಕುತ್ತಿಗೆಗೆ ಬೀಳುವ ಮೊದಲು ಹುಡುಗಿಯರಿಗೆ ಒಮ್ಮೆ ಬೀದರದ ಕೋಟೆ ತೋರಿಸಿ, ದೊಡ್ಡ ಹೋಟೆಲಿನಲ್ಲಿ ಊಟ ಮಾಡಿಸಿಕೊಂಡು ಬರೋಣ ಎಂದು ಎರಡು ಮನೆಯವರೂ ಮಾತಾಡಿಕೊಂಡಿದ್ದರು. ಜನವರಿಯ ಭಾನುವಾರ, ಸುಡದ ಬಿಸಿಲು. ಅತ್ತೆ ಜೀವಮಾನದಲ್ಲಿ ರೈಲು ಹತ್ತಿಲ್ಲ ಎಂಬುದು ನೆನಪಾಗಿ ರತ್ನಮಾಲಾ ಗಂಡನನ್ನು ಕೇಳದೆಯೇ ಫೋನು ಮಾಡಿ ಕರೆಸಿದ್ದಳು. ಹಿಂದಿನ ದಿನ ಸುದ್ದಿ ಕೇಳಿದಾಗ ಅವನು ಕೈಯಲ್ಲಿದ್ದ ತುತ್ತು ಕೆಳಗಿಟ್ಟು, “ನನ್ನೊಂದು ಮಾತು ಕೇಳಬೇಕಿತ್ತು” ಎಂದಿದ್ದ. ಯಾಕೆಂದು ಅವಳಿಗೆ ಆಗ ತಿಳಿಯಲಿಲ್ಲ.

ದ್ರೌಪತಿ ಕಿಟಕಿಯ ಪಕ್ಕ ಕೂತು ಹಳ್ಳಿಖೇಡ ದಾಟುವವರೆಗೂ ಕಂಬಿ ಹಿಡಿದು ಹೊರಗೇ ನೋಡಿದಳು. ಆಮೇಲೆ, “ಬಸ್ಸಿನಂಗ ಎತ್ತಿ ಒಗ್ಯಂಗಿಲ್ಲ ನೋಡು. ತೊಟ್ಟಿಲದಾಗ ಹಾಕಿ ತೂಗಿದಂಗ ಆಗ್ತದ” ಎಂದಳು. “ಆಯಿ, ಹಂಗಾದ್ರ ನಿದ್ದಿ ಮಾಡು” ಎಂದು ಶೀತಲ ಅವಳ ತಲೆಯನ್ನು ತನ್ನ ಹೆಗಲಿಗೆ ಎಳೆದುಕೊಂಡಳು. ಆ ಕಡೆ ಜೋಳ, ಈ ಕಡೆ ಕೊಯ್ದ ತೊಗರಿಯ ಕೂಳೆ. ಮುದುಕಿ ನಿದ್ದೆ ಮಾಡಲಿಲ್ಲ. ಖಾನಾಪುರದಲ್ಲಿ ಗಾಡಿ ನಿಂತಾಗ ಚಹಾ ಮಾರುವವನನ್ನೂ ಬಿಡದೆ ಎಲ್ಲರನ್ನೂ ಕಣ್ತುಂಬ ನೋಡಿದಳು.

ಕೋಟೆ ಸುತ್ತಿ ಕಾಲು ಸೋತು ಹೋಟೆಲು ಮುಟ್ಟುವಾಗ ಮಧ್ಯಾಹ್ನ ಇಳಿದಿತ್ತು. ಗಾಜಿನ ಬಾಗಿಲು, ಒಳಗೆ ಎಸಿಯ ತಂಪು, ಮೆತ್ತನೆಯ ಕುರ್ಚಿ. ಎಲ್ಲರೂ ಒಳಗೆ ಹೋದ ಮೇಲೆ ನೋಡಿದರೆ ದ್ರೌಪತಿ ಇಲ್ಲ. ಹೊರಗೆ ಮೆಟ್ಟಿಲ ಪಕ್ಕ, ಹೂಕುಂಡ ಇಟ್ಟ ಕಟ್ಟೆಯ ಮೇಲೆ ಕೂತಿದ್ದಾಳೆ. ಶೀತಲ ಓಡಿಹೋಗಿ ಕೈಹಿಡಿದು ಎಳೆದಳು.

“ಒಳಗ ಬಾ ಆಯಿ.”

“ನನಗ ಇಲ್ಲೇ ತಂದು ಕೊಡ್ತಾರಲ್ಲ?”

“ಇಲ್ಲಿ ಯಾರು ಕೊಡ್ತಾರ? ನಡೀ ನೀ.”

ಬಂದು ಕುರ್ಚಿಯ ತುದಿಯಲ್ಲಿ ಕೂತಳು. ದೊಡ್ಡ ಸ್ಟೀಲ್ ತಾಟಿನಲ್ಲಿ ಸಣ್ಣ ಸಣ್ಣ ಬಟ್ಟಲು, ಪೂರಿ, ಪಲ್ಯ, ಬೇಳೆ, ಜಾಮೂನು. ಜಾಮೂನಿನ ಪಾಕವನ್ನು ಬೆರಳಿನಿಂದ ಬಳಿದು ತಿಂದಳು. ಊಟ ಮುಗಿಯುವ ಹೊತ್ತಿಗೆ ಹೋಟೆಲಿನ ತುಂಬ ಮಂದಿ.

ಆಗ ಅದಾಯಿತು. ದ್ರೌಪತಿ ತನ್ನ ತಾಟಿನೊಳಗೆ ಬಟ್ಟಲು, ಲೋಟ, ಚಮಚ ಎಲ್ಲ ಜೋಡಿಸಿಕೊಂಡು ಎದ್ದಳು. ಕೈತೊಳೆಯುವ ನಲ್ಲಿಗೆ ನಡೆದು, ಅಲ್ಲಿದ್ದ ಸಾಬೂನು ಅಂಗೈಗೆ ಬಸಿದುಕೊಂಡು, ತಾಟನ್ನು ತಿಕ್ಕಿ ತಿಕ್ಕಿ ತೊಳೆದಳು. ಲೋಟ ತೊಳೆದಳು. ಸೆರಗಿನಿಂದ ಒರೆಸಿದಳು. ಮೇಜುಗಳ ನಡುವಿನಿಂದ ಹಾದು, ಗಾಜಿನ ಬಾಗಿಲು ಭುಜದಿಂದ ನೂಕಿ ಹೊರಗೆ ಹೋಗಿ, ಹೂಕುಂಡದ ಕಟ್ಟೆಯ ಮೇಲೆ ಎಲ್ಲವನ್ನೂ ಬೋರಲು ಹಾಕಿದಳು.

“ಅಜ್ಜಿ, ಅಜ್ಜಿ, ಏನ್ ಮಾಡಾಕತ್ತೀರಿ!” ಎಂದು ಬಡಿಸುವ ಹುಡುಗ ಹಿಂದೆ ಓಡಿದ. ಉಣ್ಣುತ್ತಿದ್ದವರು ಉಣ್ಣುವುದು ಬಿಟ್ಟರು. ಮೂಲೆಯ ಮೇಜಿನಲ್ಲಿ ಯಾರೋ ಮೊಬೈಲು ಎತ್ತಿ ಹಿಡಿದರು. ಯಾಕೆ ಹಾಗೆ ಮಾಡಿದಳೆಂದು ರತ್ನಮಾಲಾಳಿಗೆ ಯಾರೂ ಹೇಳಬೇಕಿರಲಿಲ್ಲ. ಅವಳ ತವರೂರಲ್ಲೂ ಅಪ್ಪ ಹೋಟೆಲಿನಲ್ಲಿ ಚಹಾ ಕುಡಿದ ಕಪ್ಪನ್ನು ತಾನೇ ತೊಳೆದು ಹೊರಗಿನ ಗೂಡಿನಲ್ಲಿಟ್ಟು ಬರುತ್ತಿದ್ದ.

ಸಂಘರತ್ನ ಅರ್ಧ ಎದ್ದವನು ಮತ್ತೆ ಕೂತ.

“ಅಯ್ಯಯ್ಯ!” ಬಾಳಮ್ಮ ಬಾಯಿಗೆ ಕೈ ಹಿಡಿದು ನಗುತ್ತಿದ್ದಳು. “ಖರೇ ಹೇಳ್ರಿ, ಈ ಅಜ್ಜಿ ನಿಮಗ ಏನಾಗಬೇಕು?”

ಅವನು ನೀರಿನ ಲೋಟ ಎತ್ತಿದ. ಕುಡಿದ. ಕೆಳಗಿಟ್ಟ.

“ಏನೂ ಆಗಬೇಕಿಲ್ರಿ. ನಮ್ಮ ಹೊಲದಾಗ ದುಡೀತಿದ್ದಾಕಿ. ಹಳೇ ಆಳು. ಮನಿಗೆಲಸಕ್ಕ ಆಗ್ತಾಳಂತ ಕರಸೀವಿ. ಆ ಮಂದಿ ರೂಢೀನ ಹಂಗ, ಬಿಡ್ರಿ.”

“ಹಂಗನ್ರಿ ಮತ್ತ! ನಾ ಎಲ್ಲಿ ನಿಮ್ಮ ಬಳಗದಾಕಿ ಅನ್ಕೊಂಡಿದ್ದೆ” ಎಂದಳು ಬಾಳಮ್ಮ. “ನಿಮ್ಮ ತಾಯಿ-ತಂದಿ ಇಬ್ರೂ ತೀರಿಕೊಂಡಾರಂತ ಮನಿ ಕಿರಾಯಿ ಮಾತಾಡುವಾಗ ಹೇಳಿದ್ರಲ್ಲ ನೀವು.”

ರತ್ನಮಾಲಾ ಗಂಡನ ಕಡೆ ತಿರುಗಿದಳು. ಮಾವ ಜ್ಞಾನೇಶ್ವರ ಸತ್ತು ಆರು ವರ್ಷ, ಅದು ನಿಜ. ತಾಯಿ? ಹೊಲ? ಹೊಲವಾದರೂ ಎಲ್ಲಿತ್ತು ಇವರಿಗೆ? ಅವಳು ಕಣ್ಣೆತ್ತಿದರೆ, ಸಂಘರತ್ನನ ಕುರ್ಚಿಯ ಹಿಂದೆಯೇ ದ್ರೌಪತಿ ನಿಂತಿದ್ದಳು. ಒದ್ದೆ ಕೈಗಳಿಂದ ನೀರು ತೊಟ್ಟಿಕ್ಕುತ್ತಿತ್ತು. ಎಲ್ಲವನ್ನೂ ಕೇಳಿದ್ದಳು.

ಮರಳಿ ಬರುವ ಗಾಡಿಯಲ್ಲಿ ಬಾಳಮ್ಮ, “ಏ ಮುದುಕಿ, ಈ ಚೀಲಾ ಹಿಡಕೊಂಡು ಅಲ್ಲಿ ಕೆಳಗ ಕುಂದ್ರು” ಎಂದಳು. ದ್ರೌಪತಿ ಚೀಲ ಹಿಡಿದುಕೊಂಡು ಬಾಗಿಲ ಬಳಿ ಕೆಳಗೆ ಕೂತಳು. ಶೀತಲ ಏಳಹೋದಾಗ ಕಣ್ಣಿನಲ್ಲೇ ತಡೆದಳು.

*

ಮನೆಗೆ ಬಂದು ಬಾಗಿಲು ಹಾಕಿದ್ದೇ ತಡ, ಶೀತಲ ಚಪ್ಪಲಿ ಕಳಚಿ ಗೋಡೆಗೆ ಬೀಸಿದಳು.

“ಪಪ್ಪಾ, ಆಯಿ ನಮ್ಮ ಆಳು ಏನು? ಹಂಗಾದ್ರ ನೀ ಯಾರು? ಆಳಿನ ಮಗಾ?”

“ಸಣ್ಣ ದನೀಲೆ ಮಾತಾಡು.”

“ಸಣ್ಣ ದನೀಲೆ ಮಾತಾಡಿ ಮಾತಾಡಿ ಈ ಮನ್ಯಾಗ ಎಲ್ಲಾರ ಗಂಟಲಾ ಹೋಗ್ಯಾವ!” ಎಂದಳು ರತ್ನಮಾಲಾ. “ಹೆಸರು ಬದಲು ಮಾಡಿದ್ರಿ, ಒಪ್ಪಿದೆ. ಫೋಟೋ ಪೆಟಿಗ್ಯಾಗ ಇಟ್ರಿ, ಒಪ್ಪಿದೆ. ಜೀವಂತ ತಾಯೀನ ಮಣ್ಣಾಗ ಇಟ್ಟು ಬಂದೀರಂತ ನನಗ ಹೇಳಿದ್ದೇ ಇಲ್ಲ. ಅತ್ತಿ ಬರ್ತೇನಂದಾಗೊಮ್ಮೆ ಯಾಕ ಬ್ಯಾಡ ಅಂತಿದ್ರಿ ಅನ್ನೂದು ಈಗ ತಿಳೀತು.”

ಒಪ್ಪಿದ್ದು ಸುಳ್ಳಲ್ಲ. ಸಂಘರತ್ನ ಕೈಗಾರಿಕಾ ಪ್ರದೇಶದ ಔಷಧ ಕಂಪನಿಯಲ್ಲಿ ಶಿಫ್ಟು ಸೂಪರ್ವೈಸರ್. ಈ ಊರಿಗೆ ಬಂದ ಹೊಸತರಲ್ಲಿ ಮೂರು ಮನೆಯ ಗೇಟಿನ ಮುಂದೆ ನಿಂತು ಅವನು ಹೆಸರು ಹೇಳಿದ್ದ. ಸಂಘರತ್ನ ಅಂದರೆ ಬೌದ್ಧರವನು ಎಂದು ಈ ಕಡೆ ಎಳೆಮಗುವಿಗೂ ಗೊತ್ತು. ಒಬ್ಬರು ತಮ್ಮ ಬರುತ್ತಾನೆಂದರು, ಒಬ್ಬರು ಪೂಜೆಯ ಮನೆಯೆಂದರು. ಮೂರನೆಯವರು ಏನೂ ಅನ್ನದೆ ಗೇಟು ಹಾಕಿಕೊಂಡರು. ನಾಲ್ಕನೆಯದು ಬಾಳಮ್ಮನ ಮನೆ, ಶೀತಲಳ ಶಾಲೆಗೆ ನಾಲ್ಕು ಹೆಜ್ಜೆ. ಅಲ್ಲಿ ಅವನು ಸಂಗಮೇಶನಾದ. ಅಂದಿನಿಂದ ಬುದ್ಧ, ಬಾಬಾಸಾಹೇಬರ ಫೋಟೋಗಳು ರತ್ನಮಾಲಾಳ ಮದುವೆ ಸೀರೆಯಲ್ಲಿ ಸುತ್ತಿಕೊಂಡು ಪೆಟ್ಟಿಗೆಯೊಳಗೆ ಕೂತಿದ್ದವು.

“ಮೂರೂ ಗೇಟಿನ ಮುಂದ ನನ್ನ ಬಾಜೂಕ ನಿಂತಾಕಿ ನೀನ” ಎಂದ ಸಂಘರತ್ನ. “ಅವ್ವ ಬಂದ್ರ ಯಾವೂರು, ಯಾರ ಪೈಕಿ ಅಂತ ಕೇಳ್ತಾರ. ಅಕೀಗ ಸುಳ್ಳು ಹೇಳಾಕ ಬರಂಗಿಲ್ಲ. ಅದಕ್ಕ ಇಲ್ಲ ಅಂದೆ. ಇಂದು ಹಂಗ ಹೇಳಲಿಲ್ಲಂದ್ರ ಇಷ್ಟೊತ್ತಿಗೆ ನಮ್ಮ ಗಂಟು ರಸ್ತೇ ಮ್ಯಾಲ ಇರ್ತಿತ್ತು. ಎರಡು ತಿಂಗಳಿಗೆ ಇಕಿ ಪರೀಕ್ಷಾ ಅದ. ಯಾವ ದೀಪದ ಕಂಬದ ಬುಡಕ ಕುಂದ್ರಸಿ ಓದಸ್ತಿ?”

ದ್ರೌಪತಿ ಒಲೆಯ ಕಡೆ ಹೋಗಿ ಚಹಾಕ್ಕೆ ನೀರಿಟ್ಟಳು. ಅಲ್ಲಿಂದಲೇ ಕೇಳಿದಳು:

“ನಾ ಸತ್ತಾಗ ಮಂದೀಗ ಉಣ್ಣಾಕ ಏನ ಹಾಕಿದಿಪಾ, ಸಂಘ್ಯಾ?”

ಸಂಘರತ್ನ ಗೋಡೆಗೆ ಮುಖ ಮಾಡಿದ.

“ಅತ್ತಿ, ಆ ತಾಟು ಯಾಕ ತೊಳದ್ರಿ?” ಎಂದಳು ರತ್ನಮಾಲಾ.

“ಉಂಡ ಮ್ಯಾಲ ತೊಳೀಬೇಕಲ್ಲ? ನಮ್ಮ ಕಾಲಕ್ಕ ಹೋಟೆಲ ಹೊರಗ ಕಟ್ಟೀ ಮ್ಯಾಲ ಕಪ್ಪು ಇರ್ತಿದ್ದು. ಕುಡೀಬೇಕು, ತೊಳೀಬೇಕು, ಬೋರಲ ಹಾಕಬೇಕು. ನಿಮ್ಮ ಮಾವ ಒಮ್ಮೆ ಮರೆತು ಬಂದಿದ್ದಕ್ಕ ಸಂತಿಯಾಗ ಕೊಳ್ಳಪಟ್ಟಿ ಹಿಡದು ತಿರುಗಿ ಕರ್ಕೊಂಡು ಹೋಗಿದ್ರು.” ಅವಳು ಚಹಾಪುಡಿ ಹಾಕಿದಳು. “ಇಲ್ಲಿ ಒಳಗ ಕುಂದ್ರಸಿ ಉಣಿಸ್ಯಾರ. ಛಲೋ ತೊಳೀಬೇಕಂತ ಸಾಬಣ ಹಚ್ಚಿ ತೊಳದೆ.”

ಅತ್ತೆ ಬೈದಿದ್ದರೆ, ಹೊಡೆದಿದ್ದರೆ ರತ್ನಮಾಲಾ ತಡೆದುಕೊಳ್ಳುತ್ತಿದ್ದಳು. ಒಳಗೆ ಬಿಟ್ಟುಕೊಂಡ ಉಪಕಾರಕ್ಕೆ ಸಾಬೂನು ಹಚ್ಚಿ ತೊಳೆದಳಂತೆ! ಎಷ್ಟು ತಲೆಮಾರು ತಿಕ್ಕಿದರೆ ಒಂದು ಜೀವ ಹೀಗೆ ಸವೆಯುತ್ತದೆ?

ದ್ರೌಪತಿ ಎಲ್ಲರಿಗೂ ಚಹಾ ಕೊಟ್ಟಳು. ಮಗನ ಮುಂದೆಯೂ ಕಪ್ಪು ಬಸಿ ಇಟ್ಟಳು.

“ಪರೀಕ್ಷಾ ಮುಗಿಯೂತನ ನಾ ಕೆಲಸದಾಕೀನ. ನೀವ್ಯಾರೂ ಬಾಯಿ ತಗೀಬ್ಯಾಡ್ರಿ. ಮುಗಿದ ಮ್ಯಾಲ ನಾ ಯಾರಂತ ನಾನ ಹೇಳ್ತೇನಿ.”

“ಅವ್ವಾ…” ಎಂದ ಸಂಘರತ್ನ.

“ಬಾಗಲಾ ಹಾಕ್ಕೊಂಡು ಕರೀಬ್ಯಾಡ. ಬಾಗಲಾ ತಗದು ಕರಿ, ಓ ಅಂತೇನಿ.”

*

ಮರುದಿನದಿಂದ ‘ಅತ್ತಿ’ ಎಂಬ ಮಾತು ಅಡಿಗೆಮನೆಯ ಹೊಸ್ತಿಲು ದಾಟಲಿಲ್ಲ. ಅಂಗಳದಲ್ಲಿ ರತ್ನಮಾಲಾ ಅವಳನ್ನು ಏನೆಂದೂ ಕರೆಯಲಾರದೆ ಹತ್ತಿರ ಹೋಗಿ ಮೈಮುಟ್ಟಿ ಮಾತಾಡಿಸುತ್ತಿದ್ದಳು. ಆ ಮುಟ್ಟುವುದನ್ನೂ ಬಾಳಮ್ಮ ನೋಡಿದಳು.

“ಭಾಳ ಸಲಿಗಿ ಕೊಡಬ್ಯಾಡ್ರಿ, ರತ್ನಮಾಲಾ. ಇವರು ತಲೀ ಮ್ಯಾಲ ಕುಂದ್ರತಾರ. ಅಡಗಿಮನ್ಯಾಗಂತೂ ಬಿಡಲೇಬ್ಯಾಡ್ರಿ.”

ಬಾಳಮ್ಮ ಕೆಟ್ಟ ಹೆಂಗಸಲ್ಲ ಎಂದು ರತ್ನಮಾಲಾ ಅಲ್ಲಿಯವರೆಗೆ ನಂಬಿದ್ದಳು. ಜ್ವರ ಬಂದಾಗ ಕಷಾಯ ಮಾಡಿಕೊಟ್ಟವಳು, ಶೀತಲಳಿಗೂ ಐಶ್ವರ್ಯಳಿಗೂ ಒಂದೇ ಬಣ್ಣದ ಚೂಡಿದಾರ ತಂದವಳು. ಎರಡು ಮನೆಗಳ ನಡುವೆ ಸ್ಟೀಲ್ ಡಬ್ಬಿಗಳು ಓಡಾಡುತ್ತಿದ್ದವು. ಖಾಲಿ ಡಬ್ಬಿ ಮರಳಿಸಬಾರದೆಂದು ಇವಳು ಶೇಂಗಾದ ಹಿಂಡಿ ತುಂಬಿದರೆ ಅವಳು ಹೋಳಿಗೆ ತುಂಬಿ ಕಳಿಸುವಳು. ಈಗಲೂ ಓಡಾಡುತ್ತಿದ್ದವು. ಆದರೆ ಅದೇ ಬಾಳಮ್ಮ ದ್ರೌಪತಿಗೆ ನಲ್ಲಿಯ ಪಕ್ಕದಲ್ಲಿ ಕಾಗದದ ಕಪ್ಪಿನಲ್ಲಿ ಚಹಾ ಕೊಟ್ಟು, “ಕುಡದು ಚರಂಡ್ಯಾಗ ಒಗಿ” ಎನ್ನುತ್ತಿದ್ದಳು. ಉಳಿದ ಅನ್ನ ಕಾಗದದ ತಟ್ಟೆಯಲ್ಲಿ ಬರುತ್ತಿತ್ತು. ಕಟ್ಟೆಯ ಮೇಲಿನ ಕಪ್ಪಾದರೆ ತೊಳೆದು ಇಡಬೇಕಿತ್ತು. ಇದಕ್ಕೆ ತೊಳೆಯುವ ಕೆಲಸವೂ ಇಲ್ಲ. ಕಾಲ ಸುಧಾರಿಸಿತ್ತು!

ಮೊದಲ ವಾರ ಬಾಳಮ್ಮ ಅಂಗಳ ಗುಡಿಸಲು ಕರೆದಳು. ಎರಡನೆಯ ವಾರ ಮೆಟ್ಟಿಲು ತೊಳೆಯಲು, ಆಮೇಲೆ ತೊಗರಿಬೇಳೆ ಹಸನು ಮಾಡಲು, ಹಂಡೆ ತಿಕ್ಕಲು. “ನಿಮ್ಮ ಮುದುಕೀನ ಜರಾ ಕಳಸ್ರಿ” ಎಂದು ಕಿಟಕಿಯಿಂದ ಕೂಗಿದರೆ ಸಾಕು, ದ್ರೌಪತಿ ಸೆರಗು ಸಿಕ್ಕಿಸಿಕೊಂಡು ಹೋಗುವಳು. ಬಂದ ಮೇಲೆ ಮನೆಯವರಿಗೆಲ್ಲ ಅಡಿಗೆ ಮಾಡುವಳು. ಒಂದು ದಿನ ಅವಳ ಪುಂಡಿಪಲ್ಯ ಡಬ್ಬಿ ತುಂಬಿ ಮಾಲೀಕರ ಮನೆಗೆ ಹೋಯಿತು. ಸಂಜೆ ಬಾಳಮ್ಮ ಡಬ್ಬಿ ಹಿಡಿದುಕೊಂಡೇ ಬಂದಳು.

“ಏನ್ ಕೈ ರುಚಿರಿ ನಿಮ್ದು! ನಮ್ಮವರು ತಾಟು ನೆಕ್ಕಿದ್ರು. ನನಗೂ ಕಲಿಸಿಕೊಡ್ರಿ.”

ದ್ರೌಪತಿ ಮೂಲೆಯಲ್ಲಿ ಬೆಳ್ಳುಳ್ಳಿ ಸುಲಿಯುತ್ತಿದ್ದಳು. “ಹೌದ್ರಿ, ನಮ್ಮ ಬಾಯಾರ ಕೈ ರುಚೀನ ಹಂಗ” ಎಂದಳು. ಸೊಸೆಯನ್ನು ಒಡತಿಯಂತೆ ಬಾಯಾರ ಎಂದಳು. ಬಾಳಮ್ಮ ಹೋದ ಮೇಲೆ ಅತ್ತೆ ಸೊಸೆ ಇಬ್ಬರೂ ಬಾಯಿಗೆ ಸೆರಗು ತುರುಕಿಕೊಂಡು ನಕ್ಕರು. ನಗುತ್ತ ನಗುತ್ತ ರತ್ನಮಾಲಾ ಅಳತೊಡಗಿದಳು.

“ಅಳಬ್ಯಾಡ. ತಿಂದದ್ದು ಅವರ ಹೊಟ್ಟ್ಯಾಗ ಹೋತು. ಇನ್ನ ತಗ್ಯಾಕ ಬರಂಗಿಲ್ಲ” ಎಂದಳು ದ್ರೌಪತಿ.

ಸಂಘರತ್ನ ಡ್ಯೂಟಿಯಿಂದ ಬರುವಾಗ ಜಿಲೇಬಿ ತರುವನು, ತಾಯಿಗೆ ಮೆತ್ತನೆಯ ಚಪ್ಪಲಿ ತಂದನು, ಕಾಲು ಒತ್ತಲು ಹೋದನು. ಎಲ್ಲವೂ ಬಾಗಿಲು ಹಾಕಿದ ಮೇಲೆ. ಜಿಲೇಬಿಯನ್ನು ಅವಳು ಮೊಮ್ಮಗಳಿಗೆ ಕೊಟ್ಟಳು. ಚಪ್ಪಲಿ ಕಾಗದದ ಡಬ್ಬಿಯಲ್ಲೇ ಉಳಿಯಿತು.

ಒಂದು ಬೆಳಿಗ್ಗೆ ಶೀತಲ ಅಜ್ಜಿಯ ಕೈಯಿಂದ ಆ ಕಾಗದದ ಕಪ್ಪು ಕಸಿದು ಚೆಲ್ಲಿಬಿಟ್ಟಳು. ಬಾಳಮ್ಮ, “ಯಾಕವಾ ಶೀತಲ?” ಎಂದರೆ, “ನೊಣ ಬಿದ್ದಿತ್ರಿ” ಎಂದಳು. ಒಳಗೆ ಬಂದು, “ನಾ ಪರೀಕ್ಷಾ ಬರ್ಯಂಗಿಲ್ಲ. ಇದ್ರ ಸಲುವಾಗಿ ಆಯಿ ಚಾಕರಿ ಮಾಡೂದಾದ್ರ ನನಗ ಆ ಪರೀಕ್ಷಾನ ಬ್ಯಾಡ” ಎಂದು ಪುಸ್ತಕ ಮುಚ್ಚಿದಳು.

ದ್ರೌಪತಿ ಪುಸ್ತಕ ಬಿಚ್ಚಿ ಅವಳ ತೊಡೆಯ ಮೇಲಿಟ್ಟಳು. “ಹೌದು, ನಿನ್ನ ಸಲುವಾಗಿ ಮಾಡಾಕತ್ತೀನಿ. ನೀ ಬರೀಲಿಲ್ಲಂದ್ರ ನಾ ಫುಕಟ ದುಡದಂಗ ಆಗ್ತದ. ಓದು.”

ಶೀತಲ ಓದಿದಳು. ಹಲ್ಲು ಕಚ್ಚಿಕೊಂಡು ಓದಿದಳು.

ಪರೀಕ್ಷೆ ನಡೆದಿದ್ದಾಗಲೇ ಒಂದು ಸಂಜೆ ಬಾಳಮ್ಮ, ಅಮೋಘಸಿದ್ದಪ್ಪ ಇಬ್ಬರೂ ಬಂದು ಕೂತರು. ಯಾಲಕ್ಕಿ ಹಾಕಿದ ಚಹಾ ಕುಡಿದರು. ಅದನ್ನೂ ದ್ರೌಪತಿಯೇ ಒಳಗೆ ಕಾಸಿದ್ದಳು.

“ನೋಡ್ರಿ ಸಂಗಮೇಶ” ಎಂದ ಅಮೋಘಸಿದ್ದಪ್ಪ, “ನೀವು ಮೂರು ಮಂದಿ ಸಣ್ಣ ಸಂಸಾರ. ನಿಮಗ ಕೆಲಸದಾಕಿ ಅಗದಿ ಬೇಕಂತ ಏನಿಲ್ಲ.”

“ಆ ಮುದುಕೀನ ನಮಗ ಕೊಟ್ಟುಬಿಡ್ರಿ” ಎಂದಳು ಬಾಳಮ್ಮ. “ಹಿತ್ತಲದಾಗ ಖೋಲಿ ಅದ, ಬಿದ್ದಿರ್ತಾಳ. ಬಾಯಿ ಇಲ್ಲದ ದನಾ ಇದ್ದಂಗ ಅದಾಳ, ಛಲೋ ದುಡೀತಾಳ.”

ರತ್ನಮಾಲಾ ಗಂಡನ ತುಟಿ ನೋಡುತ್ತಿದ್ದಳು. ಈಗ ಹೇಳುತ್ತಾನೆ. ಎಂಥ ಹೇಡಿಯಾದರೂ ಈಗ ಎದ್ದು ನಿಂತು ಹೇಳುತ್ತಾನೆ.

“ನೋಡೋಣ್ರಿ” ಎಂದ ಸಂಘರತ್ನ.

ಒಳಗೆ ಏನೋ ಬಿದ್ದ ಸದ್ದಾಯಿತು. ರತ್ನಮಾಲಾ ಓಡಿ ನೋಡಿದರೆ ಚಹಾದ ಪಾತ್ರೆ ಮಗುಚಿತ್ತು. ದ್ರೌಪತಿ ಬಟ್ಟೆ ತೆಗೆದುಕೊಂಡು ನೆಲ ಒರೆಸುತ್ತಿದ್ದಳು. ಒರೆಸಿದ ಜಾಗವನ್ನೇ ಮತ್ತೆ ಮತ್ತೆ ಒರೆಸಿದಳು.

ಅವರು ಹೋದ ಮೇಲೆ ರತ್ನಮಾಲಾ ಬೈಯಲಿಲ್ಲ, ಕೂಗಾಡಲಿಲ್ಲ. “ನೋಡೋಣ್ರಿ ಅಂದ್ರೇನು?” ಎಂದಷ್ಟೇ ಕೇಳಿದಳು.

“ಮಾತಿಗೆ ಅಂದೆ. ಮುಖದ ಮ್ಯಾಲ ಇಲ್ಲ ಅನ್ನಾಕ ಬರ್ತದೇನು? ಮುಂದ ಇಕಿ ಕಾಲೇಜೂ ಇಲ್ಲೇ ಆಗಬೇಕು.”

“ಕಾಲೇಜು ಮುಗಿದ ಮ್ಯಾಲ ಲಗ್ನ, ಲಗ್ನ ಆದ ಮ್ಯಾಲ ಬಾಣಂತನ. ಅತ್ತಿ ಹಿತ್ತಲದಾಗ ಸಾಯಲಿ, ಅಲ್ಲೇನು?”

ಮೂಲೆಯಲ್ಲಿ ಹಾಸಿಗೆ ಬಿಚ್ಚುತ್ತಿದ್ದ ದ್ರೌಪತಿ, “ಕಡೀ ಪೇಪರು ಯಾವತ್ತವಾ?” ಎಂದು ಮೊಮ್ಮಗಳನ್ನು ಕೇಳಿದಳು.

*

ಪರೀಕ್ಷೆ ಮುಗಿದ ಮೇಲಿನ ಭಾನುವಾರ ಬಾಳಮ್ಮನೇ ಹೊರಡಿಸಿದಳು. “ಮತ್ತ ಬೀದರಕ್ಕ ಹೋಗೂಣು, ಅದೇ ಹೋಟೆಲಿಗೆ. ಹುಡುಗ್ಯಾರು ಭಾಳ ದಣದಾರ. ಮುದುಕಿ ಬರ್ಲಿ, ಚೀಲಾ ಹಿಡೀಲಿಕ್ಕ ಆಗ್ತಾಳ.” ದ್ರೌಪತಿ ಮತ್ತೆ ಹಸಿರು ಸೀರೆ ಉಟ್ಟಳು. ಹೊರಡುವ ಮುಂಚೆ ತನ್ನ ನೈಲಾನ್ ಚೀಲಕ್ಕೆ ಇನ್ನೊಂದು ಸೀರೆ, ಎಲೆಅಡಿಕೆಯ ಸಂಚಿ ತುಂಬಿಕೊಂಡಿದ್ದನ್ನು ರತ್ನಮಾಲಾ ನೋಡಿದಳು. ಏನೂ ಕೇಳದೆ ಪೆಟ್ಟಿಗೆಯ ಬೀಗ ತೆಗೆದು, ಮದುವೆ ಸೀರೆಯಲ್ಲಿ ಸುತ್ತಿದ್ದ ಎರಡು ಫೋಟೋಗಳನ್ನು ಆ ಚೀಲದೊಳಗೇ ಇಟ್ಟಳು.

ಏಪ್ರಿಲಿನ ಬಿಸಿಲಿಗೆ ಗಾಡಿಯ ಕಬ್ಬಿಣ ಕಾದು ಹೆಂಚಾಗಿತ್ತು. ದ್ರೌಪತಿ ಬಾಗಿಲ ಬಳಿ ಕೆಳಗೆ, ಎಲ್ಲರ ಚೀಲಗಳ ನಡುವೆ.

ಹೋಟೆಲಿನಲ್ಲಿ ಬಾಳಮ್ಮ ಬಡಿಸುವ ಹುಡುಗನಿಗೆ ಹೇಳಿದಳು: “ನಮಗ ಈ ದೊಡ್ಡ ಟೇಬಲ್. ಆಕೀಗ ಅಲ್ಲಿ, ಆ ಕೈ ತೊಳಿಯೋ ಹತ್ರ ಒಂದು ತಾಟು ಕೊಡ್ರಿ.” ನಲ್ಲಿಯ ಪಕ್ಕ ಕಸಬರಿಗೆ, ಬಕೆಟ್ಟು ಇಟ್ಟ ಮೂಲೆಯಲ್ಲಿ ಒಂದು ಸಣ್ಣ ಮೇಜಿತ್ತು. ದ್ರೌಪತಿ ಹೋಗಿ ಅಲ್ಲಿ ಕೂತಳು.

ರತ್ನಮಾಲಾ ಗಂಡನನ್ನು ನೋಡಿದಳು. ಅವನು ತಿನಿಸಿನ ಪಟ್ಟಿ ಓದುತ್ತಿದ್ದ.

ತಾಟು ಬಂದಾಗ ಅವಳು ತನ್ನ ತಾಟು ಎತ್ತಿಕೊಂಡು ಹೋಗಿ ಅತ್ತೆಯ ಎದುರಿಗೆ ಕೂತಳು.

“ಅಲ್ಯಾಕರಿ ರತ್ನಮಾಲಾ?” ಬಾಳಮ್ಮ ಕೂಗಿದಳು.

“ಇಲ್ಲಿ ಗಾಳಿ ಛಲೋ ಅದರಿ.”

ಶೀತಲಳೂ ಎದ್ದು ಬಂದಳು. ಸಣ್ಣ ಮೇಜಿನ ಮೇಲೆ ಮೂರು ತಾಟು ಒಂದಕ್ಕೊಂದು ಒತ್ತಿಕೊಂಡವು. ದ್ರೌಪತಿ ಈ ಸಲ ಕುರ್ಚಿಯ ತುದಿಯಲ್ಲಿ ಕೂತಿರಲಿಲ್ಲ. ಬೆನ್ನು ಆನಿಸಿ ಕೂತು ನಿಧಾನವಾಗಿ ಉಂಡಳು. ಇನ್ನೊಂದು ಜಾಮೂನು ಕೇಳಿ ಹಾಕಿಸಿಕೊಂಡಳು. ಪಾಕ ಬಳಿದಳು. ಎದ್ದು ಕೈ ತೊಳೆದಳು.

“ಐಶೂ, ನೋಡು ನೋಡು, ಈಗ ತಾಟು ತೊಳೀತಾಳ” ಎಂದು ಬಾಳಮ್ಮ ಮಗಳಿಗೆ ತೋರಿಸಿದಳು.

ಬಡಿಸುವ ಹುಡುಗ ತಾಟಿಗೆ ಕೈ ಹಾಕಿದ. ದ್ರೌಪತಿ ತಡೆದಳು.

“ನೀ ಬಿಡು ತಮ್ಮಾ. ಇದನ್ನ ಎತ್ತಾಂವ ಬ್ಯಾರೆ ಅದಾನ.”

ಅಷ್ಟು ಹೇಳಿ, ಒದ್ದೆ ಕೈಯನ್ನು ಹಸಿರು ಸೆರಗಿಗೆ ಒರೆಸಿಕೊಳ್ಳುತ್ತ ದೊಡ್ಡ ಮೇಜಿನ ಮುಂದೆ ಬಂದು ನಿಂತಳು.

“ಸಂಘರತ್ನಾ.”

ಆ ಹೆಸರು ಎಸಿಯ ತಂಪಿನಲ್ಲಿ ಕಲ್ಲಿನಂತೆ ಬಿತ್ತು. ಅಮೋಘಸಿದ್ದಪ್ಪನ ಬಾಯಿಗೆ ಹೊರಟಿದ್ದ ಕೈ ನಡುವೆಯೇ ನಿಂತಿತು.

“ನಿನ್ನ ಹಡದಾಕಿ ಉಂಡ ತಾಟು ಅಲ್ಲಿ ಅದ. ಎದ್ದು ತೊಳದು ಇಟ್ಟು ಬಾ.” ಬಾಳಮ್ಮನ ಕಡೆ ತಿರುಗಿದಳು. “ಬಾಯಾರ, ನಾ ಆಳಲ್ಲ. ಇಂವ ಸಂಗಮೇಶ ಅಲ್ಲ. ಮೋರಖಂಡಿ ಜ್ಞಾನೇಶ್ವರನ ಮಗಾ, ಸಂಘರತ್ನ. ಬೌದ್ಧರಾವ. ನಾ ಇವನ ತಾಯಿ. ಸತ್ತಿಲ್ಲ.”

ಬಾಳಮ್ಮ ಕೈಯಲ್ಲಿದ್ದ ತುತ್ತು ತಾಟಿಗೆ ಬಿಟ್ಟಳು. ತಾಯಿಯನ್ನು ಆಳೆಂದನಲ್ಲ ಇವನು ಎನ್ನುತ್ತಾಳೆ, ಛೀ ಎಂದು ಉಗಿಯುತ್ತಾಳೆ ಎಂದು ರತ್ನಮಾಲಾ ಕಾದಳು. ಬಾಳಮ್ಮನ ಬಾಯಿಂದ ಬಂದದ್ದು ಬೇರೆ.

“ಅಯ್ಯೋ… ನಾವು ನಿಮ್ಮ ಮನ್ಯಾಗ ಉಂಡೇವಲ್ಲ! ಆ ಡಬ್ಬಿ… ಆ ಪುಂಡಿಪಲ್ಯ…”

“ಅದು ನನ್ನ ಕೈದು” ಎಂದಳು ದ್ರೌಪತಿ. “ಚಹಾನೂ ನಂದ. ನಿಮ್ಮವರು ತಾಟು ನೆಕ್ಕಿದ್ದು ನನ್ನ ಅಡಗೀಗ.”

ಬಾಳಮ್ಮ ಎದ್ದು ಬಾಯಿಗೆ ಸೆರಗೊತ್ತಿಕೊಂಡು ನಲ್ಲಿಯ ಕಡೆ ಓಡಿದಳು. ಬಗ್ಗಿ ನಿಂತು, ಜನವರಿಯಿಂದ ಉಂಡದ್ದನ್ನೆಲ್ಲ ಈಗ ಹೊರಹಾಕುವವಳಂತೆ ಬಾಯಿ ಮುಕ್ಕಳಿಸತೊಡಗಿದಳು. ಐಶ್ವರ್ಯ ಅವ್ವನನ್ನೂ ಶೀತಲಳನ್ನೂ ನೋಡುತ್ತ, “ಮಮ್ಮೀ, ಏನಾತು? ಮಮ್ಮೀ?” ಎನ್ನುತ್ತಿದ್ದಳು.

ಸಂಘರತ್ನ ಎದ್ದನೇ? ರತ್ನಮಾಲಾ ನೋಡಿದಳು. ಅವನು ಮೊದಲು ತಾಯಿಯನ್ನು ನೋಡಲಿಲ್ಲ. ಮೊದಲು ಅಮೋಘಸಿದ್ದಪ್ಪನ ಮುಖ ನೋಡಿದ. ಅದೊಂದು ನೋಟ ಸಾಕಾಯಿತು ಅವಳಿಗೆ.

“ನಡೀರಿ ಅತ್ತಿ” ಎಂದಳು. ಹೋಟೆಲಿಗೆಲ್ಲ ಕೇಳುವಂತೆ ಎಂದಳು. “ಅತ್ತೀ, ಗಾಡಿ ಹೊತ್ತಾತು.”

ನೈಲಾನ್ ಚೀಲವನ್ನು ಶೀತಲ ಹೆಗಲಿಗೇರಿಸಿದಳು. ಮೂವರೂ ಗಾಜಿನ ಬಾಗಿಲು ದಾಟಿ ಹೊರಗೆ ಬಂದರು. ಬಿಸಿಲು ಮುಖಕ್ಕೆ ರಾಚಿತು. ಹೂಕುಂಡದ ಕಟ್ಟೆಯ ಹತ್ತಿರ ದ್ರೌಪತಿ ಒಂದು ಗಳಿಗೆ ನಿಂತು, ಆವತ್ತು ತಾಟು ಬೋರಲು ಹಾಕಿದ ಜಾಗ ನೋಡಿದಳು.

“ಆಯಿ, ಇನ್ನ ಮನಿ?” ಎಂದಳು ಶೀತಲ.

“ಹುಮನಾಬಾದದಾಗ ಎಷ್ಟು ಗೇಟು ಅದಾವ, ಎಲ್ಲಾದ್ರ ಮುಂದ ಮತ್ತ ನಿಂದ್ರೂಣು. ಖರೇ ಹೆಸರು ಹೇಳೂಣು.”

ರತ್ನಮಾಲಾ ತಿರುಗಿ ನೋಡಬಾರದೆಂದುಕೊಂಡಳು. ನೋಡಿದಳು.

ಗಾಜಿನಾಚೆ ಸಂಘರತ್ನ ಎದ್ದಿದ್ದ. ಅಮೋಘಸಿದ್ದಪ್ಪನೂ ಮಗಳೂ ಎದ್ದುಹೋಗಿ ದೊಡ್ಡ ಮೇಜು ಖಾಲಿಯಾಗಿತ್ತು. ಹೋಟೆಲಿನ ನಟ್ಟನಡುವೆ, ಎಲ್ಲರ ಕಣ್ಣು ಮೈಮೇಲೆ ಹೊತ್ತು, ಅವನು ತಾಯಿ ಉಂಡ ತಾಟನ್ನು ಎರಡೂ ಕೈಯಲ್ಲಿ ಹಿಡಿದು ನಿಂತಿದ್ದ. ನಲ್ಲಿಯ ಮುಂದೆ ಬಾಳಮ್ಮ ಇನ್ನೂ ಬಾಯಿ ತೊಳೆಯುತ್ತಿದ್ದಳು, ಜಾಗ ಬಿಡಲಿಲ್ಲ. ಅವನು ಆ ಕಡೆ ಒಂದು ಹೆಜ್ಜೆ ಇಟ್ಟ, ಈ ಕಡೆ ಒಂದು ಹೆಜ್ಜೆ ಇಟ್ಟ. ತಾಟನ್ನು ಎಲ್ಲಿಡಬೇಕೆಂದು ಅವನಿಗೆ ತಿಳಿಯಲಿಲ್ಲ.